ಕಟ್ಲೆಟ್ಟಿಗೊಂದು ಡಬ್ಬಿ ಬೇಕೆ?

ಬೆಂಗಳೂರಿನ ಯಾವುದಾದರೊಂದು ಬಡಾವಣೆಯ ಮಧ್ಯಮ ತರಗತಿಯ ಸಂಸಾರವೊಂದನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಬಹುದು. ಎರಡು ಮಲಗುವ ಕೋಣೆ, ಒಂದು ಹಜಾರ, ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕಾದಂಥ ಒಂದು ಅಡಿಗೆಮನೆ. ಭಾನುವಾರದ ಬೆಳಗ್ಗೆ ಆ ಮನೆಯ ಕರೆಗಂಟೆ ಬಾರಿಸಿತು. ರಟ್ಟಿನ ಪೆಟ್ಟಿಗೆಯೊಂದು ಬಂದಿತು. ನಿದ್ದೆ ಬಾರದ ಒಂದು ರಾತ್ರಿ ಮನೆಯ ಮಗ ಮೊಬೈಲಿನಲ್ಲಿ ಅರ್ಧ ನಿಮಿಷದ ಚಲಚ್ಚಿತ್ರವೊಂದನ್ನು ನೋಡಿ, ಮರುಕ್ಷಣವೇ ತರಿಸಲು ಹೇಳಿದ್ದ ವಸ್ತು ಅದು. ಪೆಟ್ಟಿಗೆಯನ್ನು ಬಿಚ್ಚಿದಾಗ ಹೊರಬಂದದ್ದು ಮುಚ್ಚಳವುಳ್ಳ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೂತುಗಳುಳ್ಳ ಒಂದು ತಟ್ಟೆ.

“ಏನೋ ಇದು, ಊಟದ ಕ್ಯಾರಿಯರ್ರೇ?” ಎಂದು ತಾಯಿ ಕೇಳಿದರು.

“ಅಲ್ಲಮ್ಮ, ಕಟ್ಲೆಟ್ಟಿಗೆ ಬ್ರೆಡ್ಡಿನ ಪುಡಿ ಹಚ್ಚೋ ಡಬ್ಬಿ. ಒಳಗೆ ಹಾಕಿ ಅಲ್ಲಾಡಿಸಿದರೆ ಆಯಿತು. ಕೈಗೆ ಒಂದಿಷ್ಟೂ ಅಂಟೋದಿಲ್ಲ.”

“ಇನ್ನೇನು ಮಾಡುತ್ತೆ?”

“ಅಷ್ಟೆ.”

“ಅಷ್ಟೇನಾ?”

ಸೊಸೆ ಏನೂ ಮಾತನಾಡಲಿಲ್ಲ. ಈ ಡಬ್ಬಿಯನ್ನು ಎಲ್ಲಿಡುವುದೆಂದು ಅವಳ ಕಣ್ಣು ಆಗಲೇ ಕಪಾಟಿನ ಅರೆಗಳನ್ನು ಅಳೆಯತೊಡಗಿತ್ತು. ಅಲ್ಲಿ ಎರಡು ವರ್ಷಗಳ ಹಿಂದೆ ಬಂದ ವಿದ್ಯುತ್ತಿನ ಚಪಾತಿ ಯಂತ್ರವೂ, ಅದಕ್ಕೂ ಹಿಂದೆ ಬಂದ ಹಣ್ಣು ಹಿಂಡುವ ಯಂತ್ರವೂ ಬಟ್ಟೆ ಹೊದ್ದು ವಿಶ್ರಾಂತಿ ಪಡೆಯುತ್ತಿದ್ದವು.

“ಅಷ್ಟೇನಾ?” ಎಂಬ ಆ ಮೂರಕ್ಷರದ ಪ್ರಶ್ನೆ ಹಗುರವಾದುದಲ್ಲ. ಒಂದೇ ಒಂದು ಕೆಲಸಕ್ಕಾಗಿ ಹುಟ್ಟಿದ ಉಪಕರಣವನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವುದು ವಿವೇಕವೇ ಅಲ್ಲವೇ ಎಂಬ ವಾದ ಲೋಕದ ಬೇರೆ ಕಡೆಗಳಲ್ಲಿಯೂ ನಡೆದಿದೆ. ಅಮೆರಿಕೆಯ ದೂರದರ್ಶನದಲ್ಲಿ 1999ರಿಂದ ಅಡಿಗೆಯ ಶಾಸ್ತ್ರವನ್ನು ವಿನೋದವಾಗಿ ತಿಳಿಸಿಕೊಟ್ಟು ಹೆಸರಾದ ಆಲ್ಟನ್ ಬ್ರೌನ್ ಎಂಬಾತ ಇಂಥ ಏಕಕಾರ್ಯದ ಸಾಧನಗಳ ಕಡು ವಿರೋಧಿ. ಬೆಂಕಿ ಆರಿಸುವ ಉಪಕರಣವೊಂದನ್ನು ಬಿಟ್ಟರೆ ಒಂದೇ ಕೆಲಸದ ವಸ್ತುವಿಗೆ ತನ್ನ ಅಡಿಗೆಮನೆಯಲ್ಲಿ ಜಾಗವಿಲ್ಲವೆಂಬುದು ಆತನ ಪ್ರಸಿದ್ಧವಾದ ನಿಲುವು. ಕೇಳಲು ಸೊಗಸಾದ ಮಾತು. ಆದರೆ ಉಡುಪಿಯ ಶ್ರೀಕೃಷ್ಣನ ಕೈಯಲ್ಲಿರುವ ಕಡಗೋಲು ಯಾವ ಬಗೆಯ ಸಾಧನ? ಮೊಸರು ಕಡೆಯುವುದೊಂದೇ ಅದರ ಕೆಲಸ. ಆದುದರಿಂದ ಕನ್ನಡದ ಗೃಹಿಣಿ ಬ್ರೌನ್ ಮಹಾಶಯನ ನಿಯಮವನ್ನು ಇಡಿಯಾಗಿ ಒಪ್ಪಬೇಕಾಗಿಲ್ಲ. ಈ ಡಬ್ಬಿಯ ಯೋಗ್ಯತೆಯನ್ನು ಅದರ ಕೆಲಸದ ಯೋಗ್ಯತೆಯಿಂದಲೇ ನೋಡಬೇಕು.

ಡಬ್ಬಿಯ ಕುಲಗೋತ್ರ

ಡಬ್ಬಿಯ ರಚನೆ ಸರಳವಾದುದು. ತಳದಲ್ಲಿ ಬ್ರೆಡ್ಡಿನ ಪುಡಿಯನ್ನೋ ಮಸಾಲೆ ಬೆರೆಸಿದ ಹಿಟ್ಟನ್ನೋ ಹರಡುವುದು. ಅದರ ಮೇಲೆ ತೂತಿನ ತಟ್ಟೆ. ತಟ್ಟೆಯ ಮೇಲೆ ಹಿಟ್ಟಿನ ನೀರಿನಲ್ಲೋ ಮೊಟ್ಟೆಯಲ್ಲೋ ಅದ್ದಿದ ತುಂಡುಗಳು. ಮೇಲೆ ಬಿಗಿಯಾದ ಮುಚ್ಚಳ. ಡಬ್ಬಿಯನ್ನು ಬೋರಲು ಹಾಕಿ ಅಲ್ಲಾಡಿಸಿದರೆ ಪುಡಿ ತೂತುಗಳ ಮೂಲಕ ಸುರಿದು ತುಂಡುಗಳನ್ನು ಮುಚ್ಚುತ್ತದೆ. ಮತ್ತೆ ನೆಟ್ಟಗೆ ಮಾಡಿ ಅಲ್ಲಾಡಿಸಿದರೆ ಹೆಚ್ಚಾದ ಪುಡಿ ಕೆಳಕ್ಕಿಳಿದು, ತುಂಡುಗಳು ಮಾತ್ರ ತಟ್ಟೆಯ ಮೇಲೆ ಉಳಿಯುತ್ತವೆ. ಜರಡಿಯನ್ನೂ ಡಬ್ಬಿಯನ್ನೂ ಒಂದುಗೂಡಿಸಿದ ಯೋಚನೆ ಇದು. ಜಾಣತನವಿಲ್ಲವೆನ್ನಲಾಗದು.

ಈ ಡಬ್ಬಿಯ ಹಿರಿಯ ಕಾಗದದ ಚೀಲ. ಅಮೆರಿಕೆಯ ದಕ್ಷಿಣ ಸೀಮೆಯಲ್ಲಿ ಕೋಳಿಯ ತುಂಡುಗಳನ್ನು ಕರಿಯುವ ಮೊದಲು, ಉಪ್ಪು ಮೆಣಸು ಕೂಡಿಸಿದ ಹಿಟ್ಟಿನೊಡನೆ ಕಂದು ಕಾಗದದ ಚೀಲದಲ್ಲಿ ಹಾಕಿ, ಬಾಯಿ ಹಿಡಿದು ಕುಲುಕುವುದು ಹಳೆಯ ರೂಢಿ. 1965ರಲ್ಲಿ ಜನರಲ್ ಫುಡ್ಸ್ ಎಂಬ ದೊಡ್ಡ ಸಂಸ್ಥೆ ಆ ರೂಢಿಯನ್ನೇ ಪೆಟ್ಟಿಗೆಯಲ್ಲಿ ತುಂಬಿ ಮಾರಿತು: ‘ಶೇಕ್ ಎನ್ ಬೇಕ್’ ಎಂಬ ಹೆಸರಿನಲ್ಲಿ ಮಸಾಲೆಯ ಪುಡಿಯೂ ಕುಲುಕುವ ಚೀಲವೂ ಜೊತೆಯಾಗಿ ಅಂಗಡಿಗೆ ಬಂದವು. ಹಾಗೆ ಕುಲುಕಿದ ತುಂಡುಗಳನ್ನು ಎಣ್ಣೆಯಲ್ಲಿ ಕರಿಯದೆ ಒಲೆಯ ಗೂಡಿನಲ್ಲಿ ಬೇಯಿಸಬಹುದೆಂಬುದು ಅದರ ಆಕರ್ಷಣೆ. ಒಮ್ಮೆ ಬಳಸಿ ಎಸೆಯುವ ಚೀಲದ ಸ್ಥಾನಕ್ಕೆ ತೊಳೆದಿಡುವ ಡಬ್ಬಿ ಬಂದದ್ದು ಸಹಜವಾದ ಮುಂದಿನ ಹೆಜ್ಜೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಚೀಲವಾಗಲಿ ಡಬ್ಬಿಯಾಗಲಿ ಹುಟ್ಟಿದ್ದು ಮೂಳೆಯುಳ್ಳ, ಗಟ್ಟಿಯಾದ ಮಾಂಸದ ತುಂಡುಗಳಿಗಾಗಿ. ಎಷ್ಟು ಕುಲುಕಿದರೂ ಅವು ಒಡೆಯುವುದಿಲ್ಲ. ಬೆಂಗಳೂರಿನ ಕಟ್ಲೆಟ್ಟಿನ ಸಂಗತಿಯೇ ಬೇರೆ.

ಒಂದು ಶಬ್ದದ ಪ್ರಯಾಣ

‘ಕಟ್ಲೆಟ್’ ಎಂಬುದು ಫ್ರೆಂಚರ ‘ಕೋತ್‌ಲೆತ್’ ಶಬ್ದದ ಇಂಗ್ಲಿಷ್ ರೂಪ. ‘ಚಿಕ್ಕ ಪಕ್ಕೆಲುಬು’ ಎಂಬುದು ಅದರ ಮೂಲಾರ್ಥ. ಎಲುಬಿನೊಡನೆ ಕತ್ತರಿಸಿದ ಮಾಂಸದ ತುಂಡಿಗೆ ಸಲ್ಲುವ ಹೆಸರು. ಇಟಲಿಯ ಮಿಲಾನ್ ನಗರದಲ್ಲಿ ಅದು ‘ಕೊತೊಲೆತ್ತ’ ಆಗಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕರಿದ ಪ್ರಸಿದ್ಧ ಭಕ್ಷ್ಯವಾಯಿತು. ಆಸ್ಟ್ರಿಯದ ರಾಜಧಾನಿ ವಿಯೆನ್ನಾದವರಿಗೆ ಅವರದೇ ‘ವೀನರ್ ಶ್ನಿಟ್ಸೆಲ್’ ಉಂಟು. ಯಾರಿಂದ ಯಾರು ಕಲಿತರೆಂಬ ಜಗಳ ಹಳೆಯದು. ರಾಡೆಟ್ಸ್ಕಿ ಎಂಬ ಸೇನಾಪತಿ ಮಿಲಾನಿನಿಂದ ವಿಯೆನ್ನಾಕ್ಕೆ ಈ ವಿದ್ಯೆಯನ್ನು ಕೊಂಡೊಯ್ದನೆಂಬ ಕತೆಯನ್ನು ಭಾಷಾವಿದ್ವಾಂಸರು ಕಟ್ಟುಕತೆಯೆಂದು ತಳ್ಳಿಹಾಕಿದ್ದಾರೆ. ಆಸ್ಟ್ರಿಯದವರ ಅಭಿಮಾನವಂತೂ ಕಾನೂನಿನವರೆಗೆ ಮುಟ್ಟಿದೆ: ಕರುವಿನ ಮಾಂಸದಿಂದ ಮಾಡಿದ್ದಲ್ಲದೆ ಬೇರೆ ಯಾವುದನ್ನೂ ಅಲ್ಲಿ ಬರಿಯ ಆ ಹೆಸರಿನಿಂದ ಮಾರುವಂತಿಲ್ಲ.

ಇದೇ ಶಬ್ದ ಜಪಾನಿಗೆ ಹೋಗಿ ಅಲ್ಲಿನ ಜನರ ನಾಲಗೆಯಲ್ಲಿ ‘ಕತ್ಸುರೆತ್ಸು’ ಆಯಿತು. ಉದ್ದವಾಯಿತೆಂದು ‘ಕತ್ಸು’ ಎಂದು ಮೊಟಕಾಯಿತು. ಈಗ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ದೊರೆಯುವ ‘ಪಾಂಕೊ’ ಎಂಬ ಹಗುರವಾದ ಬ್ರೆಡ್ಡಿನ ತರಿಯೂ ಆ ನಾಡಿನದೇ. ಒಲೆಯ ಶಾಖದ ಬದಲು ಹಿಟ್ಟಿನ ಮುದ್ದೆಯಲ್ಲಿಯೇ ವಿದ್ಯುತ್ತನ್ನು ಹರಿಸಿ ಬೇಯಿಸಿದ, ಕಂದು ಹೊರಪದರವೇ ಇಲ್ಲದ ಬ್ರೆಡ್ಡಿನಿಂದ ಅದನ್ನು ತಯಾರಿಸುತ್ತಾರೆ. ‘ಪಾಂಕೊ’ದಲ್ಲಿರುವ ‘ಪಾನ್’ ಪೋರ್ತುಗೀಸರ ‘ಪಾಂವ್’ ಶಬ್ದದಿಂದ ಬಂದದ್ದು. ಗೋವೆಯ ದಾರಿಯಿಂದ ಬಂದು ಪಾವ್ ಭಾಜಿಯಲ್ಲಿ ಕುಳಿತಿರುವ ‘ಪಾವ್’ ಶಬ್ದವೂ ಅದೇ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಹಡಗುಗಳಲ್ಲಿ ಹೋಗಿ, ಕೊನೆಗೆ ಬೆಂಗಳೂರಿನ ಒಂದೇ ಅಂಗಡಿಯ ಅರೆಯ ಮೇಲೆ ಅಕ್ಕಪಕ್ಕ ಕುಳಿತಂತಾಯಿತು.

ಭಾರತಕ್ಕೆ ಬಂದ ಕಟ್ಲೆಟ್ ತನ್ನ ಎಲುಬನ್ನೂ, ಬಹುಮಟ್ಟಿಗೆ ಮಾಂಸವನ್ನೂ ಕಳೆದುಕೊಂಡಿತು. ಬೇಯಿಸಿ ಹಿಸುಕಿದ ಆಲೂಗೆಡ್ಡೆ, ಬಟಾಣಿ, ಕ್ಯಾರಟ್, ಬೀಟ್‌ರೂಟ್, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಇವೆಲ್ಲ ಸೇರಿ ಅದು ಮೃದುವಾದ ಉಂಡೆಯಾಯಿತು, ತಟ್ಟಿದಾಗ ಬಿಲ್ಲೆಯಾಯಿತು. ರೈಲುಗಳಲ್ಲಿ, ಕಾಫಿ ಹೌಸುಗಳಲ್ಲಿ ಅದು ಜನರ ಬಾಯಿಗೆ ಬಿದ್ದಿತು. ಇಂಡಿಯನ್ ಕಾಫಿ ಹೌಸಿನ ನೌಕರರ ಮೊದಲ ಸಹಕಾರ ಸಂಘ ಸ್ಥಾಪನೆಯಾದದ್ದು 1957ರಲ್ಲಿ, ಬೆಂಗಳೂರಿನಲ್ಲಿಯೇ. ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದ ಅದರ ಮಳಿಗೆಯಲ್ಲಿ ಕಾಫಿಯೊಡನೆ ಕಟ್ಲೆಟ್ ತಿಂದು ಬೆಳೆದವರು ಈಗ ಅಜ್ಜಂದಿರಾಗಿದ್ದಾರೆ. ಹೆಸರು ಪಕ್ಕೆಲುಬಿನದಾದರೂ ಪದಾರ್ಥ ಬೆಣ್ಣೆಯಂತೆ ಮೃದು. ಕುಲುಕುವ ಡಬ್ಬಿಗೂ ಅದಕ್ಕೂ ಇರುವ ವೈರದ ಬೀಜ ಇಲ್ಲಿಯೇ ಇದೆ.

ಪುಡಿ ಅಂಟುವುದು ಹೇಗೆ?

ಪುಡಿ ಹಚ್ಚುವುದು ಅಲಂಕಾರಕ್ಕಲ್ಲ. ಒಳಗಿನ ತೇವವನ್ನು ಎಣ್ಣೆಯಿಂದ ಕಾಪಾಡಿ, ಹೊರಗೆ ಗರಿಗರಿಯಾದ ಗೋಡೆ ಕಟ್ಟುವುದು ಅದರ ಉದ್ದೇಶ. ಯುರೋಪಿನ ಪಾಕಶಾಸ್ತ್ರದಲ್ಲಿ ಇದಕ್ಕೆ ಮೂರು ಹಂತ. ಮೊದಲು ಒಣ ಹಿಟ್ಟು ಮೇಲ್ಮೈಯ ನೀರನ್ನು ಹೀರಿಕೊಳ್ಳುತ್ತದೆ. ಅನಂತರ ಕಡೆದ ಮೊಟ್ಟೆ ಅಂಟಿನ ಕೆಲಸ ಮಾಡುತ್ತದೆ. ಶಾಖ ತಗುಲಿದೊಡನೆ ಅದು ಗಟ್ಟಿಯಾಗಿ ಪುಡಿಯನ್ನು ಬಿಗಿದುಕೊಳ್ಳುತ್ತದೆ. ಕೊನೆಯದು ಪುಡಿ. ಮೊಟ್ಟೆ ತಿನ್ನದ ಮನೆಗಳಲ್ಲಿ ಮೈದಾ ಅಥವಾ ಜೋಳದ ಪಿಷ್ಟವನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಮೊಟ್ಟೆಯ ಸ್ಥಾನದಲ್ಲಿ ಇಡುತ್ತಾರೆ. ಬಿಸಿಯಲ್ಲಿ ಆ ಪಿಷ್ಟ ಗಂಜಿಯಂತೆ ಅಂಟುಗಟ್ಟಿ ಅದೇ ಕೆಲಸವನ್ನು ಮಾಡುತ್ತದೆ.

ಮೂರು ಹಂತಗಳಿಗಿಂತಲೂ ಮುಖ್ಯವಾದ ಇನ್ನೊಂದು ಕ್ರಿಯೆಯಿದೆ: ಅಂಗೈಯಿಂದ ಮೆಲ್ಲನೆ ಒತ್ತುವುದು. ಮೇಲೆ ಉದುರಿದ ಪುಡಿ ಬೇರೆ, ಒತ್ತಿ ಕೂರಿಸಿದ ಪುಡಿ ಬೇರೆ. ಉದುರಿ ನಿಂತದ್ದು ಬಾಣಲೆಯಲ್ಲಿ ಬಿಟ್ಟುಹೋಗಿ, ತಳದಲ್ಲಿ ಕರಟಿ, ಎಣ್ಣೆಯನ್ನು ಕಪ್ಪುಮಾಡುತ್ತದೆ. ಒತ್ತಿದ ಬಿಲ್ಲೆಗಳನ್ನು ಅರ್ಧ ಗಂಟೆ ಶೀತಪೆಟ್ಟಿಗೆಯಲ್ಲಿಟ್ಟು, 170ರಿಂದ 180 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಯಲ್ಲಿ ಬಿಟ್ಟರೆ ಗೋಡೆ ಬಿರಿಯುವುದಿಲ್ಲ. ಎಣ್ಣೆಯ ಹದ ನೋಡಲು ಯಂತ್ರವೇನೂ ಬೇಡ. ಒಂದು ಚಿಟಿಕೆ ಪುಡಿ ಉದುರಿಸಿದಾಗ ಅದು ಮುಳುಗದೆ ಕೂಡಲೇ ನೊರೆಯೆದ್ದು, ಹೊತ್ತದೆ ಮೆಲ್ಲನೆ ಕೆಂಪಾದರೆ ಸಾಕು.

ಕರಾವಳಿಯವರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಂಗಳೂರಿನಿಂದ ಕಾರವಾರದವರೆಗೆ ಕಾಣೆ, ಬಂಗುಡೆ, ಅಂಜಲು ಮೀನುಗಳಿಗೆ ಮೆಣಸು, ಅರಸಿನ, ಹುಳಿ, ಉಪ್ಪು ಸೇರಿದ ಮಸಾಲೆ ಮೆತ್ತಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕಾಯಿಸುತ್ತಾರೆ. ಮೀನು ತಿನ್ನದವರ ಮನೆಯಲ್ಲಿ ಜೀಗುಜ್ಜೆಯ ಹೋಳು, ಸುವರ್ಣಗೆಡ್ಡೆ, ಬದನೆಕಾಯಿ ಇವುಗಳಿಗೆ ಅದೇ ಮರ್ಯಾದೆ. ಅಲ್ಲಿ ಮೊಟ್ಟೆಯ ಅಂಟೂ ಇಲ್ಲ, ಮೈದಾದ ಅಂಟೂ ಇಲ್ಲ. ಅರೆದ ಮಸಾಲೆಯೇ ಅಂಟು. ಉಪಕರಣವೆಂದರೆ ಒಂದು ತಟ್ಟೆ ರವೆ, ಐದು ಬೆರಳು. ಹೋಳನ್ನು ರವೆಯ ಮೇಲಿಟ್ಟು ಒಂದು ಸಲ ಒತ್ತಿ, ಮಗುಚಿ ಇನ್ನೊಂದು ಸಲ ಒತ್ತಿ, ಅಂಚನ್ನು ಒಂದು ಸುತ್ತು ಉರುಳಿಸಿ ತೆಗೆಯುವ ಆ ಕೈಚಳಕವನ್ನು ನೋಡಿದವರಿಗೆ ಡಬ್ಬಿಯ ನೆನಪು ಬರುವುದು ಕಷ್ಟ.

ಡಬ್ಬಿಯ ಪರೀಕ್ಷೆ

ಆ ಭಾನುವಾರದ ಮನೆಗೆ ಹಿಂದಿರುಗಬಹುದು. ಇಪ್ಪತ್ತನಾಲ್ಕು ಕಟ್ಲೆಟ್ಟುಗಳನ್ನು ತಟ್ಟಿಯಾಗಿತ್ತು. ಹನ್ನೆರಡು ಡಬ್ಬಿಯ ಪಾಲು, ಹನ್ನೆರಡು ತಟ್ಟೆಯ ಪಾಲು ಎಂದು ತೀರ್ಮಾನವಾಯಿತು. ಡಬ್ಬಿ ಅಲ್ಲಾಡಿಸುವ ಗೌರವ ಮಗನಿಗೆ ಬಂದಿತು. ಹತ್ತು ವರ್ಷದ ಮೊಮ್ಮಗಳು ಪಕ್ಕದಲ್ಲಿ ನಿಂತು ತನ್ನ ಸರದಿಗಾಗಿ ಕಾಯುತ್ತಿದ್ದಳು.

ಮೈದಾ ನೀರಿನಲ್ಲಿ ಅದ್ದಿದ ನಾಲ್ಕು ಬಿಲ್ಲೆಗಳನ್ನು ತೂತಿನ ತಟ್ಟೆಯ ಮೇಲಿಟ್ಟು, ಮುಚ್ಚಿ, ಬೋರಲು ಹಾಕಿ, ಚಿತ್ರದಲ್ಲಿ ಕಂಡ ಹಾಗೆಯೇ ಕುಲುಕಿದ್ದಾಯಿತು. ಮುಚ್ಚಳ ತೆಗೆದಾಗ ಎರಡು ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ಅವಳಿಯಾಗಿದ್ದವು. ಮೂರನೆಯದರ ಅಂಚು ಮುರಿದಿತ್ತು. ನಾಲ್ಕನೆಯದು ಮಾತ್ರ ಚೆನ್ನಾಗಿತ್ತು. ಅದನ್ನು ಎತ್ತಿ ತೋರಿಸಿ ಮಗ ಹೆಮ್ಮೆಯಿಂದ ನಕ್ಕ. ಎರಡನೆಯ ಸುತ್ತಿನಲ್ಲಿ ಮೆಲ್ಲಗೆ ಕುಲುಕಿದ್ದರಿಂದ ಒಂದೂ ಮುರಿಯಲಿಲ್ಲ, ಆದರೆ ಮೈಯಲ್ಲಿ ಅಲ್ಲಲ್ಲಿ ಬೋಳು ಉಳಿಯಿತು. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ತೊಟ್ಟಿಕ್ಕಿದ ಮೈದಾ ನೀರು ಪುಡಿಯಲ್ಲಿ ಬೆರೆತು ಸಣ್ಣ ಸಣ್ಣ ಗಂಟುಗಳಾಗಿ ತೂತುಗಳನ್ನು ಮುಚ್ಚಿತ್ತು. ಬೋಳು ಉಳಿದ ಜಾಗಕ್ಕೆ ಕೊನೆಗೆ ಕೈಯಿಂದಲೇ ಪುಡಿ ಒತ್ತಬೇಕಾಯಿತು. ‘ಕೈಗೆ ಒಂದಿಷ್ಟೂ ಅಂಟೋದಿಲ್ಲ’ ಎಂಬ ಮಾತನ್ನು ಅಲ್ಲಿ ಯಾರೂ ನೆನಪಿಸಲಿಲ್ಲ. ಸಂಸಾರದಲ್ಲಿ ಅಷ್ಟು ದಾಕ್ಷಿಣ್ಯ ಬೇಕು.

ಇದರಲ್ಲಿ ಆ ಡಬ್ಬಿಯನ್ನು ಮಾಡಿದವರ ತಪ್ಪೇನೂ ಇಲ್ಲ. ಕೋಳಿಯ ಕಾಲಿಗೆ, ಗಟ್ಟಿ ಪನ್ನೀರಿನ ತುಂಡಿಗೆ, ಹೂಕೋಸಿನ ಎಸಳಿಗೆ ಒಣ ಹಿಟ್ಟು ಸವರುವುದಾದರೆ ಅದು ಒಪ್ಪುವಂತೆಯೇ ಕೆಲಸ ಮಾಡುತ್ತದೆ. ಆದರೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯೊಂದು ಆ ಕೆಲಸವನ್ನು ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಮಾಡುತ್ತದೆ, ಮತ್ತು ಅಂಥ ಡಬ್ಬಿ ಇಲ್ಲದ ಕನ್ನಡಿಗರ ಮನೆ ಇಲ್ಲ. ದಿನಸಿ ಅಂಗಡಿಯ ಹಳೆಯ ಸುದ್ದಿಪತ್ರಿಕೆಯ ಪೊಟ್ಟಣವನ್ನು ಮಾತ್ರ ಈ ಕೆಲಸಕ್ಕೆ ಹಿಡಿಯಬಾರದು. ಮುದ್ರಣದ ಮಸಿ ಆಹಾರಕ್ಕೆ ಸೇರುವುದು ಹಾನಿಕರವೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿಯೂ ಎಚ್ಚರಿಸಿದೆ.

ಕುಲುಕುವುದು ಮುಗಿದ ಮೇಲೆ ತೊಳೆಯುವ ಸರದಿ. ಚಿತ್ರಗಳಲ್ಲಿ ಇದನ್ನು ತೋರಿಸುವ ವಾಡಿಕೆಯಿಲ್ಲ. ಡಬ್ಬಿ, ಮುಚ್ಚಳ, ತಟ್ಟೆ ಮೂರನ್ನೂ ತೊಳೆಯಬೇಕು. ಮೈದಾ ಒಣಗಿತೆಂದರೆ ತೂತುಗಳನ್ನು ಒಂದೊಂದಾಗಿ ಕಡ್ಡಿಯಿಂದ ಬಿಡಿಸಬೇಕು. ಅರಸಿನ ತಗುಲಿದ ಪ್ಲಾಸ್ಟಿಕ್ ಮತ್ತೆ ಬೆಳ್ಳಗಾಗುವುದಿಲ್ಲ. ಮೀನಿನ ವಾಸನೆ ಹಿಡಿದ ಪ್ಲಾಸ್ಟಿಕ್ಕಿನಲ್ಲಿ ಮರುದಿನ ಬೇರೆ ಪದಾರ್ಥವನ್ನು ಇಡುವಂತಿಲ್ಲ. ಮೊಟ್ಟೆ ತಾಗಿದ ಡಬ್ಬಿಯನ್ನು ಅಜ್ಜಿ ಮುಟ್ಟದಿರುವ ಮನೆಗಳೂ ಉಂಟು. ಹಸಿ ಮಾಂಸವೋ ಮೊಟ್ಟೆಯೋ ಸೋಕಿದ ಪುಡಿ ಮಿಕ್ಕರೆ ಅದನ್ನು ಎಸೆಯುವುದಲ್ಲದೆ ಬೇರೆ ಮಾರ್ಗವಿಲ್ಲ. ಡಬ್ಬಿಯ ತಳದಲ್ಲಿ ಧಾರಾಳವಾಗಿ ಪುಡಿ ಹರಡದಿದ್ದರೆ ಅದು ಕೆಲಸ ಮಾಡದಾದ್ದರಿಂದ ಮಿಗುವುದೂ ಹೆಚ್ಚು.

ಹಳೆಯ ಒರಳುಗಳ ಸಾಕ್ಷಿ

ಹಾಗಾದರೆ ಏಕಕಾರ್ಯದ ಸಾಧನಗಳೆಲ್ಲ ದಂಡವೇ? ಆ ಮನೆಯ ತಾಯಿಯವರ ಸಾಮಾನುಗಳಲ್ಲಿಯೇ ಇದಕ್ಕೆ ಉತ್ತರವಿತ್ತು. ಚಕ್ಕುಲಿ ಒರಳು ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಹೊರಬರುತ್ತದೆ. ಆದರೂ ಅದನ್ನು ದಂಡವೆಂದು ಯಾರೂ ಹೇಳಲಾರರು. ಏಕೆಂದರೆ ಗಟ್ಟಿಯಾದ ಹಿಟ್ಟನ್ನು ಮುಳ್ಳುಮುಳ್ಳಾದ ಎಳೆಯಾಗಿ ಹೊರಡಿಸುವ ಬಲ ಬರಿಗೈಗಿಲ್ಲ. ಕೈಯಿಂದಲೇ ಹೊಸೆದು ಚಕ್ಕುಲಿ ಸುತ್ತುವ ನಿಪುಣೆಯರುಂಟು. ಆದರೆ ಆ ವಿದ್ಯೆ ವರ್ಷಗಳ ಅಭ್ಯಾಸದಿಂದ ಬರತಕ್ಕದ್ದು. ಇದಲ್ಲದೆ ಬಿಲ್ಲೆ ಬದಲಾಯಿಸಿದರೆ ಅದೇ ಒರಳು ಖಾರದ ಸೇವೆಯನ್ನೂ, ಪಟ್ಟಿಯಂಥ ತಿಂಡಿಯನ್ನೂ ಒತ್ತಿಕೊಡುತ್ತದೆ. ಏಕಕಾರ್ಯವೆಂದು ಹೆಸರು, ಒಳಗೆ ನಾಲ್ಕು ಕಾರ್ಯ. ಈಳಿಗೆಮಣೆಯ ತುದಿಗೆ ಕಾಯಿ ತುರಿಯುವ ಹಲ್ಲನ್ನು ಕೂಡಿಸಿದ ಹಳೆಯ ಕಮ್ಮಾರನೂ ಇದೇ ಯೋಚನೆಯವನು.

ಪಡ್ಡಿನ ಹಂಚಿನ ಗುಳಿಯಿಲ್ಲದೆ ಪಡ್ಡಿಲ್ಲ. ಒತ್ತು ಶಾವಿಗೆಯ ಒರಳಿಲ್ಲದೆ ಅಕ್ಕಿ ಶಾವಿಗೆಯಿಲ್ಲ. ದೋಸೆ ಇಡ್ಲಿಗಳ ಹಿಟ್ಟನ್ನು ರುಬ್ಬುವ ಯಂತ್ರವೂ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ಕೊಯಮತ್ತೂರಿನ ಆ ಪ್ರಸಿದ್ಧ ಗ್ರೈಂಡರೂ ಸೇರಿ, ರುಬ್ಬುವುದೊಂದನ್ನೇ ಮಾಡುತ್ತದೆ. ಆದರೆ ಒರಳುಕಲ್ಲಿನ ಮುಂದೆ ಗಂಟೆಗಟ್ಟಲೆ ಕುಳಿತು ಗುಂಡನ್ನು ತಿರುಗಿಸಿದ ತೋಳಿಗೆ ಮಾತ್ರ ಅದರ ಬೆಲೆ ಗೊತ್ತು. ಕೈಗೆ ಸಾಧ್ಯವಿಲ್ಲದ್ದನ್ನು ಮಾಡಿದರೆ, ಇಲ್ಲವೆ ಕೈಯನ್ನು ದಣಿಸುವ ದಿನನಿತ್ಯದ ಶ್ರಮವನ್ನು ಕಳೆದರೆ ಸಾಧನ ಒಂದೇ ಕೆಲಸದ್ದಾದರೇನು? ಪುಡಿ ಹಚ್ಚುವ ಡಬ್ಬಿಗೆ ಈ ಎರಡು ಅರ್ಹತೆಗಳೂ ಇಲ್ಲ. ಪುಡಿ ಹಚ್ಚುವುದು ಕೈಗೆ ಸುಲಭ, ಮತ್ತು ಅದು ದಿನನಿತ್ಯದ ಕೆಲಸವಲ್ಲ.

ಬೆಲೆಯ ಲೆಕ್ಕವೂ ಅಷ್ಟೇನೂ ದೊಡ್ಡದಲ್ಲ. ಡಬ್ಬಿಗೆ 600 ರೂಪಾಯಿ ಕೊಟ್ಟು, ವರ್ಷಕ್ಕೆ 6 ಸಲದಂತೆ 5 ವರ್ಷ ಬಳಸಿದರೆ ಸಲವೊಂದಕ್ಕೆ 20 ರೂಪಾಯಿ ಬೀಳುತ್ತದೆ. ಮಧ್ಯಮ ತರಗತಿಯವರು ಅದರಿಂದ ಮುಳುಗುವುದಿಲ್ಲ. ಆದರೆ 6 ದಿನದ ಕೆಲಸಕ್ಕೆ ಅದು 365 ದಿನವೂ ಅರೆಯ ಮೇಲೆ ಕುಳಿತಿರುತ್ತದೆ, ಪ್ರತಿದಿನ ಬೇಕಾದ ಪಾತ್ರೆಯನ್ನು ಅದರ ಹಿಂದಿನಿಂದ ಎಳೆಯಬೇಕಾಗುತ್ತದೆ. ಹಿಂದೆ ವಠಾರಗಳಲ್ಲಿ ದೊಡ್ಡ ಶಾವಿಗೆ ಒರಳು ಒಬ್ಬರ ಮನೆಯಲ್ಲಿದ್ದರೆ ಹತ್ತು ಮನೆಗೆ ಸಲ್ಲುತ್ತಿತ್ತು. ಹಬ್ಬದ ಮುಂಚಿನ ವಾರ ಅದು ಮನೆಯಿಂದ ಮನೆಗೆ ಸಂಚಾರ ಹೊರಡುತ್ತಿತ್ತು. ಹಿಂದಿರುಗುವಾಗ ಜೊತೆಯಲ್ಲಿ ಒಂದು ಬಟ್ಟಲು ಶಾವಿಗೆಯನ್ನೂ ತರುತ್ತಿತ್ತು. ಅಪರೂಪದ ಸಾಧನಕ್ಕೆ ಅದೇ ತಕ್ಕ ವ್ಯವಸ್ಥೆ. ಇಂದು ಒಂದೇ ಕಟ್ಟಡದ ನಲವತ್ತು ಮನೆಗಳವರು ನಲವತ್ತು ಡಬ್ಬಿಗಳನ್ನು ಕೊಳ್ಳಬಹುದು. ಎರವಲು ಕೇಳಲು ಸಂಕೋಚ, ತರಿಸಿಕೊಳ್ಳಲು ಬೆರಳಿನ ಒಂದು ಸ್ಪರ್ಶ ಸಾಕು.

ಎರಡನೆಯ ಜೋಡಿ ಕೈ

ಇನ್ನು ತಟ್ಟೆಯ ಪಾಲಿನ ಹನ್ನೆರಡು ಕಟ್ಲೆಟ್ಟುಗಳ ವೃತ್ತಾಂತ.

ತಟ್ಟೆಯ ಪದ್ಧತಿಗೂ ಒಂದು ದೋಷವುಂಟು. ಡಬ್ಬಿಯನ್ನು ಕಂಡುಹಿಡಿದವನು ಅದನ್ನು ಸರಿಯಾಗಿಯೇ ಗುರುತಿಸಿದ್ದಾನೆ. ಒಬ್ಬಳೇ ನಿಂತು ಮಾಡುವಾಗ ಅದ್ದುವ ಬೆರಳಿಗೆ ಮೈದಾ ನೀರು, ಅದರ ಮೇಲೆ ಪುಡಿ, ಮತ್ತೆ ಮೈದಾ, ಮತ್ತೆ ಪುಡಿ ಹೀಗೆ ಕವಚದ ಮೇಲೆ ಕವಚ ಬೆಳೆಯುತ್ತದೆ. ಐದಾರು ಬಿಲ್ಲೆಗಳಾಗುವಷ್ಟರಲ್ಲಿ ಕರಿಯಲು ಸಿದ್ಧವಾಗಿರುವುದು ಕಟ್ಲೆಟ್ಟೋ ಬೆರಳೋ ಎಂಬ ಸಂದೇಹ ಬರುವಂತಾಗುತ್ತದೆ. ನುರಿತ ಅಡಿಗೆಯವರು ಎಡಗೈಯನ್ನು ನೀರಿಗೂ ಬಲಗೈಯನ್ನು ಪುಡಿಗೂ ಮೀಸಲಿಡುತ್ತಾರೆ. ಎಡಗೈ ಅದ್ದಿ ಪುಡಿಯ ಮೇಲೆ ಹಾಕುತ್ತದೆ. ಒಣಗಿದ ಬಲಗೈ ಪುಡಿಯನ್ನು ಮೇಲೆಳೆದು ಮುಚ್ಚಿ ಒತ್ತುತ್ತದೆ. ಹೇಳಲು ಸುಲಭ. ಆ ಹೊತ್ತಿಗೆ ಸರಿಯಾಗಿ ಒಲೆಯ ಮೇಲಿನ ಹಾಲು ಉಕ್ಕಿದರೆ, ಮಗು ಕರೆದರೆ, ಯಾವ ಕೈ ಯಾವುದೆಂಬುದು ಮರೆತುಹೋಗುತ್ತದೆ.

ಅಂದರೆ ಈ ಕೆಲಸದಲ್ಲಿ ಕೊರತೆಯಾಗಿರುವುದು ಡಬ್ಬಿಯಲ್ಲ, ಇನ್ನೊಬ್ಬರು. ಒಬ್ಬರು ಅದ್ದಿ ಹಾಕಿದರೆ, ಇನ್ನೊಬ್ಬರು ಹೊರಳಿಸಿ ಒತ್ತಿ ತೆಗೆದರೆ ಯಾರ ಕೈಯಲ್ಲೂ ಕವಚ ಬೆಳೆಯುವುದಿಲ್ಲ. ಇಪ್ಪತ್ತನಾಲ್ಕು ಬಿಲ್ಲೆಗಳು ಮಾತಿನ ನಡುವೆ ಮುಗಿದುಹೋಗುತ್ತವೆ. ಅಮೆರಿಕೆಯ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಪ್ರಕಟಿಸಿದ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಗ್ರಂಥ ಇಲ್ಲಿ ನೆನಪಾಗುತ್ತದೆ. ಮನೆಗೆ ಯಂತ್ರಗಳು ಬಂದಂತೆ ಗೃಹಿಣಿಯ ಕೆಲಸದ ಹೊತ್ತು ಕಡಮೆಯಾಗಲಿಲ್ಲವೆಂದೂ, ಹಿಂದೆ ಗಂಡಸರು, ಮಕ್ಕಳು, ಆಳುಗಳು ಹಂಚಿಕೊಳ್ಳುತ್ತಿದ್ದ ಭಾಗಗಳು ಯಂತ್ರದ ನೆಪದಲ್ಲಿ ಕಳಚಿಹೋಗಿ ಉಳಿದದ್ದೆಲ್ಲ ಅವಳೊಬ್ಬಳ ಪಾಲಿಗೆ ಬಂದಿತೆಂದೂ ಆಕೆ ತೋರಿಸಿಕೊಟ್ಟಿದ್ದಾಳೆ. ಅದು ಅಮೆರಿಕೆಯ ಚರಿತ್ರೆ. ಆದರೂ ಹೆಂಡತಿಗೆ ಸಹಾಯವಾಗಲೆಂದು ಹೊರಗಿನಿಂದ ಡಬ್ಬಿ ತರಿಸಿ, ತಾನು ಹಜಾರದಲ್ಲಿ ಪತ್ರಿಕೆ ಹಿಡಿದು ಕುಳಿತುಕೊಳ್ಳುವ ಪತಿರಾಯರು ಈ ನಾಡಿನಲ್ಲಿ ಅಪರೂಪವೇನಲ್ಲ.

ಡಬ್ಬಿಯನ್ನು ಕೊಳ್ಳಲೇಬೇಕಾದವರೂ ಇದ್ದಾರೆಂಬುದನ್ನು ಮರೆಯಬಾರದು. ಮನೆಯಲ್ಲಿಯೇ ತಿಂಡಿ ಮಾಡಿ ಮಾರುವವರು, ವಾರದಲ್ಲಿ ಮೂರು ದಿನ ಕೋಳಿ ಕರಿಯುವವರು, ಒಬ್ಬಂಟಿಯಾಗಿ ಬಾಳುವವರು, ಹಸಿ ಮೀನು ಮುಟ್ಟಲು ಹೇಸಿಕೊಳ್ಳುವವರು, ಕೈಯ ಚರ್ಮದ ಬೇನೆಯಿಂದ ಮಸಾಲೆ ಮುಟ್ಟಲಾರದವರು ಇವರಿಗೆಲ್ಲ ಅದು ಉಪಕಾರಿ. ಬೆರಳಿನ ಸಂಧಿವಾತವುಳ್ಳವರು ಮಾತ್ರ ಮೊದಲು ಯಾರದಾದರೂ ಡಬ್ಬಿಯನ್ನು ಬೇಡಿ ತಂದು ನೋಡುವುದು ಮೇಲು. ಒತ್ತುವ ನೋವು ತಪ್ಪಿದರೂ ಬಿಗಿ ಮುಚ್ಚಳವನ್ನು ತೆಗೆಯುವ ನೋವು, ಮಣಿಕಟ್ಟು ಕುಲುಕುವ ನೋವು ಉಳಿಯುತ್ತದೆ. ಕೊಳ್ಳುವವರು ತೂತುಗಳು ದೊಡ್ಡವಾಗಿವೆಯೇ, ಮೂಲೆಗಳು ದುಂಡಗಿವೆಯೇ, ತಟ್ಟೆಯನ್ನು ಪೂರ್ತಿ ಬೇರೆ ತೆಗೆಯಬಹುದೇ ಎಂಬ ಮೂರು ಸಂಗತಿಗಳನ್ನು ನೋಡಿ ಕೊಂಡರೆ ತೊಳೆಯುವಾಗ ಶಪಿಸಬೇಕಾಗುವುದಿಲ್ಲ.

ಆ ಮನೆಯಲ್ಲಿ ತಟ್ಟೆಯ ಪಾಲಿಗೆ ಸೊಸೆಯೊಬ್ಬಳೇ ನಿಂತಿದ್ದಳು. ನಾಲ್ಕು ಬಿಲ್ಲೆಗಳಾಗುವಷ್ಟರಲ್ಲಿ ಅವಳ ಬೆರಳುಗಳಿಗೆ ಕವಚ ಏರಿತ್ತು. ಡಬ್ಬಿಯನ್ನು ಕೆಳಗಿಟ್ಟು ಮಗ ಹಜಾರದ ಕಡೆ ಹೊರಟಿದ್ದ.

“ಎಲ್ಲಿಗೋ ಹೊರಟೆ?” ಎಂದರು ತಾಯಿ. “ಕೈ ತೊಳೆದುಕೊಂಡು ಈ ತಟ್ಟೆ ಮುಂದೆ ನಿಂತುಕೊ. ಅವಳು ಅದ್ದಿ ಹಾಕಲಿ, ನೀನು ಒತ್ತು. ಮೆಲ್ಲಗೆ, ಚಪಾತಿ ಹಿಟ್ಟಲ್ಲ ಅದು.”

“ನನಗೆ ಬರೋದಿಲ್ಲಮ್ಮ.”

“ನಂಗೂ ಹುಟ್ಟುತ್ತಲೇ ಬರುತ್ತಿರಲಿಲ್ಲ.”

ಅವನು ಒತ್ತಿದ ಮೊದಲನೆಯ ಬಿಲ್ಲೆ ಅಂಗೈಯಷ್ಟು ಅಗಲವಾಯಿತು. ಎರಡನೆಯದನ್ನು ಸೊಸೆ ನೋಡಿ, “ಇದು ಪರವಾಗಿಲ್ಲ ರೀ” ಎಂದಳು. ಐದನೆಯದರಿಂದ ಯಾರೂ ಏನನ್ನೂ ಹೇಳಬೇಕಾಗಲಿಲ್ಲ. ತಾಯಿ ಬಾಣಲೆಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತು, ಎಣ್ಣೆಗೆ ಒಂದು ಚಿಟಿಕೆ ಪುಡಿ ಉದುರಿಸಿ ಹದ ನೋಡಿದರು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಮಾತ್ರ ಖಾಲಿ ಡಬ್ಬಿಯಲ್ಲಿ ಒಂದು ಹಿಡಿ ಕಡಲೆಬೀಜ ಹಾಕಿಕೊಂಡು ತಾಳಕ್ಕೆ ಸರಿಯಾಗಿ ಕುಲುಕುತ್ತಿದ್ದಳು.